ತಲಪಾಡಿ ದಾಟಿದ ಕೂಡಲೇ ಕೊರೊನಾ ಕಮ್ಮಿಯಾಗುತ್ತಿತ್ತಾ?

ನೀವು ತುಮಕೂರಿನವರು. ಆಗ ಟೀವಿಯಲ್ಲಿ ನೋಡಿದ್ದು ನೆನಪಿಟ್ಟುಕೊಂಡು ಈಗ ಕೇಳುತ್ತಿದ್ದೀರಿ. 2021ರ ಆಗಸ್ಟಿನಲ್ಲಿ ಕೇರಳದಲ್ಲಿ ದಿನಕ್ಕೆ 20 ಸಾವಿರ ಕೇಸು, ಓಣಂ ಕಳೆದ ಮೇಲೆ 30 ಸಾವಿರ. ಅದೇ ಹೊತ್ತಿಗೆ ಇಡೀ ಕರ್ನಾಟಕದಲ್ಲಿ ಸಾವಿರ, ಒಂದೂವರೆ ಸಾವಿರ. ಹಾಗಾದರೆ ಕರ್ನಾಟಕಕ್ಕೆ ಹರ್ಡ್ ಇಮ್ಯುನಿಟಿ (ಹೆಚ್ಚಿನವರು ಗಟ್ಟಿಯಾಗಿ, ಉಳಿದವರಿಗೂ ರೋಗ ಹರಡದ ಸ್ಥಿತಿ) ಬಂದಿತ್ತು, ಕೇರಳದವರು ಎಲ್ಲೋ ಎಡವಿದರು, ಅಲ್ವಾ ಅಂತ ನಿಮ್ಮ ಪ್ರಶ್ನೆ.

ನಾನಿರುವುದು ಮಂಜೇಶ್ವರ ತಾಲೂಕಿನಲ್ಲಿ. ಕಾಸರಗೋಡು ಜಿಲ್ಲೆ, ಕೇರಳ ರಾಜ್ಯ. ಮಂಗಳೂರಿಗೆ ಹೋಗುವ ದಾರಿಯಲ್ಲಿ ಎರಡು ರಾಜ್ಯಗಳ ಗಡಿ ಸಿಗುವುದು ತಲಪಾಡಿಯಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಪಂಚಾಯತಿನಿಂದ ಬರುವ ಕಾಗದ ಹೆಚ್ಚಾಗಿ ಮಲಯಾಳ. ಅಂಗಡಿಯಲ್ಲಿ ಬ್ಯಾರಿ ಭಾಷೆಯೂ ಕೊಂಕಣಿಯೂ ಕಿವಿಗೆ ಬೀಳುತ್ತದೆ. 1956ರ ನವೆಂಬರ್ 1ಕ್ಕೆ ಗೆರೆ ಎಳೆದಾಗ ನಾವು ಈಚೆ ಉಳಿದೆವು. ಆದರೆ ಜ್ವರ ಬಂದರೆ ಹೋಗುವುದು ಮಂಗಳೂರಿಗೆ. ಕಾಲೇಜು ಮಂಗಳೂರಿನಲ್ಲಿ. ಮದುವೆಗೆ ಸೀರೆ ತೆಗೆಯುವುದೂ ಅಲ್ಲೇ. ನಮ್ಮ ಚಿಕ್ಕಪ್ಪನ ಮನೆ ಕೇರಳದಲ್ಲಿದೆ, ತೋಟದ ಕೆಳಗಿನ ತುಂಡು ಕರ್ನಾಟಕದಲ್ಲಿದೆ. ಅಡಿಕೆ ಮರಕ್ಕೆ ಎಂತ ಗೊತ್ತುಂಟು, ಯಾವ ರಾಜ್ಯ ಅಂತ?

ಹಾಗಾಗಿ ಎರಡು ವರ್ಷ ನಾವು ಎರಡು ಲೆಕ್ಕ ನೋಡಿಕೊಂಡು ಬದುಕಿದೆವು. ಸಂಜೆ ಆರಕ್ಕೆ ಕೇರಳದ ಆಗಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಟೀವಿಯಲ್ಲಿ ಕೂತು ಜಿಲ್ಲೆವಾರು ಅಂಕೆ ಓದುತ್ತಿದ್ದರು. ಅದು ಮುಗಿಯುವಷ್ಟರಲ್ಲಿ ಫೋನಿಗೆ ದಕ್ಷಿಣ ಕನ್ನಡದ ಬುಲೆಟಿನ್ ಬಂದಿರುತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಚಟ ನಮಗೆ ಆಗ ಹತ್ತಿದ್ದು.

ಮೊದಲಿನಿಂದ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಭಾರತದ ಮೊದಲ ಮೂರು ಕೇಸುಗಳೂ ಕೇರಳದವು, ಮೂವರೂ ವುಹಾನಿನಿಂದ ಬಂದ ವೈದ್ಯಕೀಯ ವಿದ್ಯಾರ್ಥಿಗಳು. ಮೊದಲನೆಯದು 2020ರ ಜನವರಿ 30ರಂದು ತ್ರಿಶೂರಿನಲ್ಲಿ. ಮೂರನೆಯದು ನಮ್ಮದೇ ಜಿಲ್ಲೆಯ ಕಾಞಂಗಾಡಿನಲ್ಲಿ. ಮಾರ್ಚಿನಲ್ಲಿ ಗಲ್ಫಿನಿಂದ ಊರಿಗೆ ಬಂದವರ ಜತೆ ಸೋಂಕೂ ಬಂತು, ಕಾಸರಗೋಡಿನ ಹೆಸರು ದೇಶವಿಡೀ ಓಡಾಡಿತು. ಅಲ್ಲಿಯವರೆಗೆ ಬೆಂಗಳೂರಿನವರಿಗೆ ಕಾಸರಗೋಡು ಅಂದರೆ ಬೇಕಲ ಕೋಟೆ ಅಷ್ಟೇ.

ಆಗ ಕರ್ನಾಟಕ ಗಡಿ ಮುಚ್ಚಿತು. ಗೇಟು ಹಾಕಿ ಮುಚ್ಚಿದ್ದು ಅಂದುಕೊಳ್ಳಬೇಡಿ. ಒಳದಾರಿಗಳಲ್ಲಿ ಲಾರಿಯಲ್ಲಿ ಮಣ್ಣು ತಂದು ಸುರಿದರು. ಡಯಾಲಿಸಿಸಿಗೆ, ಹೃದಯದ ಮದ್ದಿಗೆ ಮಂಗಳೂರಿಗೆ ಹೋಗುತ್ತಿದ್ದವರು ತಲಪಾಡಿಯಿಂದ ವಾಪಸ್ ಬಂದರು. ಆ ದಿನಗಳಲ್ಲಿ ಚಿಕಿತ್ಸೆಗೆ ತಲುಪಲಾಗದೆ ಹಲವರು ತೀರಿಕೊಂಡರು. ಪ್ರಕರಣ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರ ಹೊತ್ತಿಗೆ ರೋಗಿಗಳನ್ನು ಬಿಡುವುದಕ್ಕೆ ಒಂದು ಕ್ರಮ ಆಯಿತು ಅಂತ ಕೇಂದ್ರ ಸರ್ಕಾರ ಕೋರ್ಟಿಗೆ ಹೇಳಿತು. ಅದರ ಹಿಂದಿನ ದಿನವೇ ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಅರ್ಧಂಬರ್ಧ ಕಟ್ಟಿ ನಿಂತಿದ್ದ ಮೆಡಿಕಲ್ ಕಾಲೇಜನ್ನು ಕೋವಿಡ್ ಆಸ್ಪತ್ರೆ ಮಾಡಿ, ತಿರುವನಂತಪುರದಿಂದ ಡಾಕ್ಟರುಗಳನ್ನು ಕರೆಸಿದ್ದರು. ವರ್ಷಗಟ್ಟಲೆ ಕೇಳಿದರೂ ಬಾರದ ಆಸ್ಪತ್ರೆ ಮಣ್ಣಿನ ರಾಶಿಯ ದಯೆಯಿಂದ ಬಂತು ನೋಡಿ.

ಆ ಮೊದಲ ಸುತ್ತಿನಲ್ಲಿ ನಮ್ಮ ಜಿಲ್ಲೆಯಲ್ಲಿ 178 ಜನರಿಗೆ ಸೋಂಕು. ಮೇ 10ರ ಹೊತ್ತಿಗೆ ಎಲ್ಲರೂ ಗುಣವಾಗಿ ಮನೆಗೆ ಹೋದರು, ಒಂದೂ ಸಾವಿಲ್ಲ. ಪ್ರತಿ ಕೇಸಿನ ಹಿಂದೆ ಆಶಾ ಕಾರ್ಯಕರ್ತೆ, ಪಂಚಾಯತ್ ಮೆಂಬರು, ಪೊಲೀಸರು. ಯಾರು ಯಾವ ಅಂಗಡಿಗೆ ಎಷ್ಟು ಗಂಟೆಗೆ ಹೋದರು ಅಂತ ರೂಟ್ ಮ್ಯಾಪ್ ಹಾಕುತ್ತಿದ್ದರು. ಊರಿನವರ ಗುಟ್ಟೆಲ್ಲ ಆಗಲೇ ಹೊರಬಂದದ್ದು, ಅದು ಬೇರೆ ಕಥೆ.

ಇಷ್ಟು ಹೇಳಿದ್ದು ಯಾಕೆಂದರೆ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಉಂಟು. ಒಂದು ವರ್ಷ ಹೀಗೆ ಹಿಡಿದು ಹಿಡಿದು ಇಟ್ಟ ಊರಿನಲ್ಲಿ ಕೊನೆಗೆ ಯಾರು ಉಳಿಯುತ್ತಾರೆ? ಸೋಂಕು ತಾಗದೇ ಇದ್ದವರು. ಜಾಸ್ತಿ ಜನ.

ಅದು ಬರೀ ಊಹೆಯಲ್ಲ. ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ನಾಲ್ಕು ಸಲ ದೇಶದ ಆಯ್ದ ಜಿಲ್ಲೆಗಳಲ್ಲಿ ರಕ್ತ ತೆಗೆದು, ಕೊರೊನಾ ವಿರುದ್ಧ ದೇಹ ಮಾಡಿಕೊಳ್ಳುವ ಪ್ರತಿಕಾಯ ಎಷ್ಟು ಜನರಲ್ಲಿ ಇದೆ ಅಂತ ನೋಡಿತು. ಸೀರೋ ಸರ್ವೆ ಅಂತ ಪೇಪರಿನಲ್ಲಿ ಬರುತ್ತಿದ್ದದ್ದು ಇದೇ. 2020ರ ಮೇ-ಜೂನ್‌ನಲ್ಲಿ ದೊಡ್ಡವರಲ್ಲಿ ಸಿಕ್ಕಿದ್ದು ಶೇ. 0.73. ನಾಲ್ಕನೆಯದು 2021ರ ಜೂನ್-ಜುಲೈಯಲ್ಲಿ, ಎರಡನೇ ಅಲೆ ಇಳಿಯುವಾಗ. ಅಷ್ಟೊತ್ತಿಗೆ ದೇಶದ ಲೆಕ್ಕ ಶೇ. 67.6ಕ್ಕೆ ಏರಿತ್ತು. ಮಧ್ಯಪ್ರದೇಶ ಶೇ. 79, ಕರ್ನಾಟಕ ಶೇ. 69.8. ಕೇರಳ ಎಲ್ಲರಿಗಿಂತ ಕೆಳಗೆ, ಶೇ. 44.4.

ಈಗ ಒಂದು ಕೈಲೆಕ್ಕ ಮಾಡುವ. ಆ ಜೂನ್ ಕೊನೆಗೆ ಎರಡೂ ರಾಜ್ಯಗಳ ಒಟ್ಟು ಕೇಸು ಹೆಚ್ಚುಕಮ್ಮಿ ಒಂದೇ, 28-29 ಲಕ್ಷ. ಆದರೆ ಕರ್ನಾಟಕದ ಜನ ಆರೂವರೆ ಕೋಟಿಗಿಂತ ಜಾಸ್ತಿ, ಕೇರಳದ್ದು ಸುಮಾರು ಮೂರೂವರೆ ಕೋಟಿ. ಕೇರಳದ ಶೇ. 44 ಅಂದರೆ ಒಂದೂವರೆ ಕೋಟಿ ಜನ. ಕರ್ನಾಟಕದ ಶೇ. 70 ಅಂದರೆ ನಾಲ್ಕೂಮುಕ್ಕಾಲು ಕೋಟಿ ಹತ್ತಿರ. ಅವನ್ನು ಕೇಸಿನ ಸಂಖ್ಯೆಯಿಂದ ಭಾಗಿಸಿ ನೋಡಿ. ಕೇರಳದಲ್ಲಿ ಐದಾರು ಜನರಲ್ಲಿ ಒಬ್ಬ ಲೆಕ್ಕಕ್ಕೆ ಸಿಕ್ಕಿದ್ದ. ಕರ್ನಾಟಕದಲ್ಲಿ ಹದಿನಾರು ಹದಿನೇಳು ಜನರಲ್ಲಿ ಒಬ್ಬ. ಪ್ರತಿಕಾಯ ಲಸಿಕೆಯಿಂದಲೂ ಬರುತ್ತದೆ, ಹಾಗಾಗಿ ಇದು ಕೂದಲು ಸೀಳುವ ಲೆಕ್ಕ ಅಲ್ಲ. ಆದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಅಂದರೆ ಟೀವಿಯ ಅಂಕೆ ನೋಡಿ ನೀವು ಕೇರಳದಲ್ಲಿ ಸೋಂಕು ಜಾಸ್ತಿ ಅಂದುಕೊಂಡಾಗ, ರಕ್ತದ ಲೆಕ್ಕ ಉಲ್ಟಾ ಹೇಳುತ್ತಿತ್ತು. ಅಲ್ಲಿಯ ತನಕ ಸೋಂಕು ಹೆಚ್ಚು ಜನರಿಗೆ ತಾಗಿದ್ದು ನಿಮ್ಮ ಕಡೆ. ಎಣಿಸಿದ್ದು ಹೆಚ್ಚು ನಮ್ಮ ಕಡೆ.

ಇನ್ನು ನಿಮ್ಮ ಹರ್ಡ್ ಇಮ್ಯುನಿಟಿ. ಅದನ್ನು ನಮ್ಮ ಕಡೆಯವರಿಗೆ ವಿವರಿಸಲು ಸುಲಭ. ಕೊಳೆರೋಗ ಗೊತ್ತುಂಟಲ್ಲ? ಮಳೆಗಾಲದಲ್ಲಿ ಅಡಿಕೆ ಗೊನೆಗೆ ಬರುವ ರೋಗ. ಅದಕ್ಕೆ ಮೈಲುತುತ್ತು, ಸುಣ್ಣ ಕದಡಿ ಬೋರ್ಡೊ ಮದ್ದು ಬಿಡುತ್ತೇವೆ. ತೋಟದ ನೂರು ಮರದಲ್ಲಿ ತೊಂಬತ್ತಕ್ಕೆ ಮದ್ದು ಬಿಟ್ಟು, ಹತ್ತಕ್ಕೆ ಬಿಡಲಾಗಲಿಲ್ಲ ಅಂದುಕೊಳ್ಳಿ. ಆ ಹತ್ತು ಹೆಚ್ಚಾಗಿ ಬಚಾವಾಗುತ್ತವೆ. ಸುತ್ತ ರೋಗ ಬೆಳೆಯಲು ಗೊನೆ ಇಲ್ಲದಿದ್ದರೆ ಅದು ಹರಡುವುದು ಎಲ್ಲಿಂದ? ಹಿಂಡಿನ ರಕ್ಷಣೆ ಅಂದರೆ ಅಷ್ಟೇ. ಮದ್ದು ಬಿಡದ ಮರಕ್ಕೆ ಯಾವ ಶಕ್ತಿಯೂ ಬಂದಿರುವುದಿಲ್ಲ. ನೆರೆಯ ಮರಗಳು ಅದನ್ನು ಕಾಯುತ್ತವೆ.

ಎಷ್ಟು ಮರಕ್ಕೆ ಬಿಟ್ಟರೆ ಸಾಕು? ಅದು ರೋಗ ಎಷ್ಟು ಜೋರು ಅನ್ನುವುದರ ಮೇಲೆ. ಒಬ್ಬನಿಂದ ಮೂವರಿಗೆ ಹರಡುವ ರೋಗವಾದರೆ, ಆ ಮೂವರಲ್ಲಿ ಇಬ್ಬರಿಗೆ ತಾಗದಂತೆ ಇರಬೇಕು, ಅಂದರೆ ಶೇ. 67. ಮೊದಲು ಬಂದ ಕೊರೊನಾ ಹೆಚ್ಚುಕಮ್ಮಿ ಹಾಗೆ ಇತ್ತು. ಅದಕ್ಕೇ ಆಗ ಎಲ್ಲರೂ 60, 70 ಅಂತ ಹೇಳುತ್ತಿದ್ದದ್ದು. ಕೊರೊನಾ ರೂಪ ಬದಲಿಸಿ ಡೆಲ್ಟಾ ತಳಿಯಾಗಿ ಬಂದಾಗ ಒಬ್ಬನಿಂದ ಐದಾರು ಜನರಿಗೆ. ಆರು ಅಂತ ಹಿಡಿದರೆ ಐವರು ಗಟ್ಟಿ ಇರಬೇಕು, ಶೇ. 83. ದಡಾರ ಒಬ್ಬನಿಂದ ಹನ್ನೆರಡರಿಂದ ಹದಿನೆಂಟು ಜನರಿಗೆ ಹರಡುತ್ತದೆ. ಅದಕ್ಕೆ ಶೇ. 95 ಮಕ್ಕಳಿಗೆ ಲಸಿಕೆ ಹಾಕಬೇಕು ಅಂತ ಹಟ ಹಿಡಿಯುವುದು.

ಹಾಗಾದರೆ ಶೇ. 69.8 ಇದ್ದ ಕರ್ನಾಟಕ ಡೆಲ್ಟಾದ ಗೆರೆ ಮುಟ್ಟಿರಲೇ ಇಲ್ಲ. ಮತ್ತೆ ಕೇಸು ಇಳಿದದ್ದು ಹೇಗೆ? ಇನ್ನೂ ಸ್ವಲ್ಪ ಲೆಕ್ಕ ಸಹಿಸಿಕೊಳ್ಳಿ. ಆರು ಜನರಿಗೆ ಹರಡಬೇಕಾದವನ ಸುತ್ತ ಹತ್ತರಲ್ಲಿ ಏಳು ಜನ ಗಟ್ಟಿ ಇದ್ದರೆ, ಅವನಿಂದ ಹರಡುವುದು ಇಬ್ಬರಿಗಿಂತ ಸ್ವಲ್ಪ ಕಮ್ಮಿ ಜನರಿಗೆ. ಮಾಸ್ಕು, ಮುಚ್ಚಿದ ಶಾಲೆ, ನಿಂತ ಜಾತ್ರೆ ಎಲ್ಲ ಸೇರಿ ಅದನ್ನು ಅರ್ಧ ಮಾಡಿದರೆ ಒಬ್ಬನಿಗಿಂತ ಕೆಳಗೆ ಬಂತು. ಅಲೆ ಇಳಿಯಿತು. ಕೇರಳದಲ್ಲಿ ಅದೇ ಮಾಸ್ಕು, ಅದೇ ಬಂದ್. ಆದರೆ ಹತ್ತರಲ್ಲಿ ಐದೂವರೆ ಜನರಿಗೆ ಇನ್ನೂ ತಾಗಿರಲಿಲ್ಲ. ಒಬ್ಬನಿಂದ ಮೂವರಿಗಿಂತ ಜಾಸ್ತಿ, ಅರ್ಧ ಮಾಡಿದರೂ ಒಂದೂವರೆ ದಾಟುತ್ತದೆ. ಅಲೆ ಇಳಿಯುವುದು ಬಿಡಿ, ಏರುತ್ತದೆ. ಒಂದೇ ಕೊಡೆ, ಒಂದೇ ಮಳೆ. ಆದರೂ ಒಬ್ಬ ಒದ್ದೆ, ಒಬ್ಬ ಒಣ. ಅದು ಕೊಡೆಯ ತಪ್ಪಲ್ಲ ಮಾರಾಯ್ರೇ.

ಜತೆಗೆ ಕೇರಳ ಅಂದರೆ ಒತ್ತೊತ್ತು ಮನೆ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 860 ಜನ, ಕರ್ನಾಟಕದಲ್ಲಿ 319. ಅರವತ್ತು ದಾಟಿದವರೂ ಇಲ್ಲಿ ಜಾಸ್ತಿ, ಶೇ. 12.6. ನಿಮ್ಮಲ್ಲಿ ಶೇ. 9.5. ಮುದುಕರು ಜಾಸ್ತಿ ಇರುವ ಊರಿನಲ್ಲಿ ನಿಧಾನ ಮಾಡಿದ್ದಕ್ಕೆ ಬೆಲೆ ಉಂಟು. ಲಸಿಕೆ ಬರುವ ತನಕ ತಳ್ಳಿದರೆ ಅಷ್ಟು ಜನ ಉಳಿದ ಹಾಗೆ.

ಕಾಸರಗೋಡಿನವನಾಗಿ ನನಗೆ ತಮಾಷೆ ಅನಿಸುವುದು ಇನ್ನೊಂದು. ಆ ಶೇ. 69.8 ಮತ್ತು 44.4 ಎಲ್ಲಿಂದ ಬಂತು? ಐಸಿಎಂಆರ್ ಕರ್ನಾಟಕದಲ್ಲಿ ನೋಡಿದ್ದು ಬೆಂಗಳೂರು ನಗರ, ಚಿತ್ರದುರ್ಗ, ಕಲಬುರಗಿ. ಕೇರಳದಲ್ಲಿ ಪಾಲಕ್ಕಾಡ್, ತ್ರಿಶೂರ್, ಎರ್ನಾಕುಳಂ. ದಕ್ಷಿಣ ಕನ್ನಡವೂ ಇಲ್ಲ, ಕಾಸರಗೋಡೂ ಇಲ್ಲ. ದೇಶದ ಅಂದಾಜಿಗೆ ಮಾಡಿದ ಸರ್ವೆ, ತಪ್ಪು ಹೇಳುವುದಿಲ್ಲ. ಆದರೆ ಅದನ್ನು ಹಿಡಿದುಕೊಂಡು ತಲಪಾಡಿಯ ಆಚೆಯವನು ಗಟ್ಟಿ, ಈಚೆಯವನು ಟೊಳ್ಳು ಅಂತ ಹೇಳಿದರೆ? ಮೇಲಿನ ತೋಟಕ್ಕೆ ಪೂರ್ತಿ ಮದ್ದು ಬಿಟ್ಟು, ಕೆಳಗಿನ ತೋಟಕ್ಕೆ ಅರ್ಧ ಬಿಟ್ಟು, ಸರಾಸರಿ ಮುಕ್ಕಾಲು ಅಂತ ಸಮಾಧಾನ ಮಾಡಿಕೊಂಡ ಹಾಗೆ. ಕೊಳೆರೋಗ ಸರಾಸರಿ ನೋಡಿ ಬರುವುದಿಲ್ಲ.

ಈ ಮಾತಿಗೆ ಸಾಕ್ಷಿ ಅದೇ ಆಗಸ್ಟಿನಲ್ಲಿ ಇತ್ತು. ಕರ್ನಾಟಕದ ದಿನದ ಪಟ್ಟಿ ತೆಗೆದರೆ ಬೆಂಗಳೂರು ನಗರದ ಜತೆ ಮೇಲುಗಡೆ ಕಾಣುತ್ತಿದ್ದದ್ದು ದಕ್ಷಿಣ ಕನ್ನಡ. ಕರ್ನಾಟಕ ಸರ್ಕಾರವೇ ಕೇರಳ, ಮಹಾರಾಷ್ಟ್ರಕ್ಕೆ ತಾಗಿದ ಎಂಟು ಜಿಲ್ಲೆಗಳಿಗೆ ವಾರಾಂತ್ಯದ ಕರ್ಫ್ಯೂ ಹಾಕಿತು. ನಮ್ಮ ಕಡೆಯಿಂದ ಹೋದದ್ದು ಅಂತ ಮಂಗಳೂರಿನ ಕೆಲವರು ಹೇಳಿದರು. ಇರಬಹುದು. ಅಲ್ಲಿಂದ ಬಂದದ್ದೂ ಇರಬಹುದು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ವಾಪಸ್ ಬರುವ ಸಾವಿರಾರು ಜನರಲ್ಲಿ ಯಾರು ಯಾರಿಗೆ ಕೊಟ್ಟರು ಅಂತ ಯಾವ ದೇವರಿಗೆ ಗೊತ್ತು. ಮಂಗಳೂರು, ಉಳ್ಳಾಲ, ಮಂಜೇಶ್ವರ, ಉಪ್ಪಳ ಒಂದೇ ಹಿಂಡು. ಗೆರೆ ಹಿಂಡಿನ ನಡುವೆ ಹೋಗಿದೆ ಅಷ್ಟೇ.

ಗೆರೆಯ ಮೇಲೆ ಬದುಕುವವರಿಗೆ ಅಂಕೆ ಹೇಗೆ ಹುಟ್ಟುತ್ತದೆ ಅಂತಲೂ ಚೆನ್ನಾಗಿ ಕಾಣುತ್ತದೆ. ಕೇರಳದಲ್ಲಿ 2021ರ ಜುಲೈಯಲ್ಲಿ ಪಂಚಾಯತುಗಳನ್ನು ಎ, ಬಿ, ಸಿ, ಡಿ ಅಂತ ವಿಂಗಡಿಸಿದ್ದರು. ನೂರು ಟೆಸ್ಟಿನಲ್ಲಿ ಎಷ್ಟು ಪಾಸಿಟಿವ್ ಅನ್ನುವ ಟಿಪಿಆರ್ ಮೇಲೆ. ಐದರ ಒಳಗೆ ಇದ್ದರೆ ಎ, ಅಂಗಡಿ ತೆರೆಯಬಹುದು. ಹದಿನೈದು ಮೀರಿದರೆ ಡಿ, ಎಲ್ಲ ಬಂದ್. ಮಳೆಗಾಲದ ಆಟಿ ತಿಂಗಳು ಬೇರೆ. ಊರಿನ ಮಾರಿ ಓಡಿಸಲು ಮನೆಮನೆಗೆ ಬರುವ ಆಟಿ ಕಳೆಂಜನೂ ಆ ವರ್ಷ ನಮ್ಮ ಕಡೆ ಬರಲಿಲ್ಲ. ಅವನಿಗೂ ಕೊರೊನಾ ಇಲ್ಲ ಅನ್ನುವ ಸರ್ಟಿಫಿಕೇಟ್ ಬೇಕಿತ್ತೋ ಏನೋ. ಆಗ ಒಂದು ಬುದ್ಧಿವಂತಿಕೆ ಹರಡಿತು. ಶೀತ, ಜ್ವರ ಇದ್ದವರು ಮಾತ್ರ ಟೆಸ್ಟ್ ಮಾಡಿಸಿದರೆ ಟಿಪಿಆರ್ ಏರುತ್ತದೆ. ಆರೋಗ್ಯವಾಗಿರುವವರು ಹೋಗಿ ಮೂಗು ತೋರಿಸಿದರೆ ಇಳಿಯುತ್ತದೆ! ಶಾಲೆಯಲ್ಲಿ ಕ್ಯಾಂಪ್ ಇಟ್ಟಾಗ ನಮ್ಮ ಬೀದಿಯ ಅಂಗಡಿಯವರೆಲ್ಲ ಒಟ್ಟಿಗೆ ಹೋಗಿ ಸಾಲು ನಿಂತರು. ಆಗಸ್ಟಿನಲ್ಲಿ ಸರ್ಕಾರಕ್ಕೂ ಇದು ಅರ್ಥವಾಗಿರಬೇಕು, ಟಿಪಿಆರ್ ಬಿಟ್ಟು ವಾರಕ್ಕೆ ಸಾವಿರ ಜನರಲ್ಲಿ ಎಷ್ಟು ಜನರಿಗೆ ಸೋಂಕು ಅನ್ನುವ ಲೆಕ್ಕಕ್ಕೆ ಬಂದರು. ಅದು ಎಷ್ಟೋ ವಾಸಿ.

ನನ್ನ ತಂಗಿಯ ಮಗಳು ಆಗ ಮಂಗಳೂರಿನಲ್ಲಿ ಓದುತ್ತಿದ್ದಳು. ಎರಡು ಡೋಸ್ ಲಸಿಕೆ ಆದರೂ ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ಬೇಕು ಅಂತ ಕರ್ನಾಟಕದ ಹಟ. ಆ ಮಗುವಿನ ಮೂಗಿಗೆ ಕಡ್ಡಿ ಹಾಕಿದ್ದಕ್ಕೆ ಲೆಕ್ಕವಿಲ್ಲ. ಅವಳ ಪ್ರತಿ ನೆಗೆಟಿವ್ ಟೆಸ್ಟೂ ಎಲ್ಲೋ ಒಂದು ಕಡೆ ಟಿಪಿಆರ್ ಇಳಿಸಿತು. ಮನೆಯಲ್ಲೇ ಕೂತು ಕಷಾಯ ಕುಡಿದ ಅವಳಜ್ಜ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಅವರಿಗೆ ವಾಸನೆ ಹೋಗಿ ಹತ್ತು ದಿನ ಆಗಿತ್ತು. ಇನ್ನು ನಮ್ಮ ಚಿಕ್ಕಪ್ಪ. ಜ್ವರ ಬಂದದ್ದು ಈಚೆ, ಟೆಸ್ಟ್ ಕೊಟ್ಟದ್ದು ಆಚೆ. ಹೇಗಿದ್ದೀರಿ ಅಂತ ಎರಡೂ ಕಡೆಯಿಂದ ಫೋನು ಬರುತ್ತಿತ್ತು. ಒಂದು ಕನ್ನಡದಲ್ಲಿ, ಒಂದು ಮಲಯಾಳದಲ್ಲಿ. ಅವರಿಗೆ ಖುಷಿ. ಅವರು ಯಾವ ರಾಜ್ಯದ ಕೇಸು ಆದರು ಅಂತ ನಾವು ಇವತ್ತಿಗೂ ನಗಾಡುತ್ತೇವೆ.

ಹೀಗೆಂದು ಕೇರಳದ ಲೆಕ್ಕವೆಲ್ಲ ಚಿನ್ನ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಸಾವಿನ ಲೆಕ್ಕ ನೋಡಿ. 2021ರ ಜೂನ್ ಕೊನೆಗೆ ಕೇರಳ ತೋರಿಸಿದ್ದು ಸುಮಾರು 13 ಸಾವಿರ, ಕರ್ನಾಟಕ ಸುಮಾರು 35 ಸಾವಿರ. ನಮ್ಮಲ್ಲಿ ಎದೆ ತಟ್ಟಿಕೊಂಡದ್ದೇ ತಟ್ಟಿಕೊಂಡದ್ದು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ 50,000 ರೂಪಾಯಿ ಪರಿಹಾರಕ್ಕೆ ಒಪ್ಪಿಗೆ ಕೊಟ್ಟಿತು. ಪಾಸಿಟಿವ್ ಆಗಿ 30 ದಿನದೊಳಗೆ ತೀರಿಕೊಂಡರೆ ಅದೂ ಕೋವಿಡ್ ಸಾವು ಅಂತಾಯಿತು. ಆಮೇಲೆ ಕೇರಳದ ಪಟ್ಟಿಗೆ ಹಳೆಯ ಸಾವುಗಳು ದಿನಾ ನೂರಾರು ಸೇರುತ್ತಾ ಹೋದವು. ಕೊನೆಗೆ ಅದು 70 ಸಾವಿರ ದಾಟಿ ನಿಂತಿತು. ಕರ್ನಾಟಕ 40 ಸಾವಿರದ ಆಸುಪಾಸಿನಲ್ಲಿ ಉಳಿಯಿತು. ಈಗ ಯಾರು ಗೆದ್ದರು? ಮೊದಲ ಅಂಕೆ ನೋಡಿ ಹೊಗಳಿದವರೂ ಅವಸರ ಮಾಡಿದರು, ಕೊನೆಯ ಅಂಕೆ ನೋಡಿ ಬೈಯುವವರೂ ಅವಸರ ಮಾಡುತ್ತಾರೆ. ಹಳೆಯ ಕಡತ ತಿರುಗಿ ತೆಗೆದು ಸೇರಿಸಿದವರ ಅಂಕೆ ಏರುತ್ತದೆ. ತೆಗೆಯದವರದ್ದು ಹಾಗೇ ಇರುತ್ತದೆ.

ಹರ್ಡ್ ಇಮ್ಯುನಿಟಿಯ ಕಥೆ ಮುಗಿದದ್ದು ಎರಡೂ ಕಡೆ ಒಂದೇ ವಾರದಲ್ಲಿ. 2021ರ ಸೆಪ್ಟೆಂಬರಿನಲ್ಲಿ ಕೇರಳ ತನ್ನದೇ ಸರ್ವೆ ಮಾಡಿದಾಗ ದೊಡ್ಡವರಲ್ಲಿ ಶೇ. 82ಕ್ಕೂ ಜಾಸ್ತಿ ಜನರಿಗೆ ಪ್ರತಿಕಾಯ ಇತ್ತು. ಓಣಂ ಅಲೆಯೂ ಲಸಿಕೆಯೂ ಸೇರಿ ಅಂತರ ತುಂಬಿತ್ತು. ಇನ್ನೇನು ಹೆದರಿಕೆ ಇಲ್ಲ ಅಂದುಕೊಂಡೆವು. ಡಿಸೆಂಬರ್ 2ಕ್ಕೆ ಕೊರೊನಾದ ಹೊಸ ತಳಿ ಒಮಿಕ್ರಾನ್ ದೇಶದಲ್ಲಿ ಮೊದಲ ಸಲ ಬೆಂಗಳೂರಿನಲ್ಲಿ ಸಿಕ್ಕಿತು. ಜನವರಿ ಕೊನೆಯ ಹೊತ್ತಿಗೆ ಕರ್ನಾಟಕದಲ್ಲೂ ಕೇರಳದಲ್ಲೂ ದಿನದ ಕೇಸು 50 ಸಾವಿರ ದಾಟಿತು. ಶೇ. 70, ಶೇ. 82 ಯಾವುದನ್ನೂ ಅದು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಮದ್ದು ಬಿಟ್ಟು ನಲವತ್ತೈದು ದಿನ ಆದ ಮೇಲೂ ಮಳೆ ನಿಲ್ಲದಿದ್ದರೆ ಎರಡನೇ ಮದ್ದು ಬಿಡಬೇಕು, ಅದು ಅಡಿಕೆ ಬೆಳೆಯುವ ಮಕ್ಕಳಿಗೂ ಗೊತ್ತು. ಪ್ರತಿಕಾಯವೂ ಹಾಗೇ ತೊಳೆದುಹೋಗುತ್ತದೆ. ಮೇಲೆ ರೋಗವೇ ವೇಷ ಬದಲಿಸಿದರೆ ಹಳೆಯ ಮದ್ದು ಅರ್ಧ ಕೆಲಸ ಮಾಡುತ್ತದೆ. ತಾಗುವುದನ್ನು ತಡೆಯಲಿಲ್ಲ. ಆದರೆ ಆಸ್ಪತ್ರೆ ಮಂಚದ ತನಕ ಹೋಗುವುದನ್ನು ತುಂಬಾ ತಡೆಯಿತು. ನಮ್ಮ ಮನೆಯಲ್ಲಿ ಆ ಜನವರಿಯಲ್ಲಿ ಐದು ಜನರೂ ಮಲಗಿದೆವು, ನಾಲ್ಕು ದಿನದಲ್ಲಿ ಎದ್ದು ಗಂಜಿ ಊಟ ಮಾಡಿದೆವು. ಟೆಸ್ಟ್ ಮಾಡಿಸಿದ್ದು ಒಬ್ಬರೇ. ನಮ್ಮ ಮನೆಯ ಲೆಕ್ಕದಲ್ಲೂ ಐದಕ್ಕೆ ಒಂದು.

ಇನ್ನೂ ಹೋಲಿಸಲೇಬೇಕು ಅಂತಿದ್ದರೆ ರಾಜ್ಯ ರಾಜ್ಯ ಹೋಲಿಸಬೇಡಿ. ಕಾಸರಗೋಡನ್ನು ದಕ್ಷಿಣ ಕನ್ನಡದ ಜತೆ ಇಡಿ, ಲಕ್ಷ ಜನರಿಗೆ ಎಷ್ಟು ಅಂತ ನೋಡಿ, ಟೆಸ್ಟ್ ಎಷ್ಟು ಆಗಿತ್ತು ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಮಂಗಳೂರಿನಲ್ಲಿ ಟೆಸ್ಟ್ ಕೊಟ್ಟ ನಮ್ಮಂಥವರನ್ನು ಯಾವ ಕಡೆ ಹಾಕುತ್ತೀರಿ ಅಂತ ಆಮೇಲೆ ತಲೆ ಕೆರೆದುಕೊಳ್ಳಿ.

2022ರ ಫೆಬ್ರವರಿಯಲ್ಲಿ ಕರ್ನಾಟಕ ಆ ನೆಗೆಟಿವ್ ಸರ್ಟಿಫಿಕೇಟ್ ಕೇಳುವುದನ್ನು ಬಿಟ್ಟಿತು. ತಂಗಿಯ ಮಗಳು ಮರುದಿನ ಬಸ್ಸಿನಲ್ಲಿ ಹೋಗುವಾಗ ತಲಪಾಡಿ ಬಂದ ಕೂಡಲೇ ಅಭ್ಯಾಸಬಲದಿಂದ ಫೋನ್ ಎತ್ತಿ ತೋರಿಸಿದಳಂತೆ. ಹೊರಗೆ ನೋಡುವವರು ಯಾರೂ ಇರಲಿಲ್ಲ. ಕಂಡಕ್ಟರ್ ಟಿಕೆಟ್ ಕೇಳಿದರು.